ಶಾಲೆಯಲ್ಲೊಂದು ಸುದ್ದಿಮನೆ: ಜೂನ್‌ನಿಂದ ಏಪ್ರಿಲ್‌ವರೆಗೆ ಮಕ್ಕಳ ಪತ್ರಿಕೆ ನಡೆಸುವ ಬಗೆ

ಶಾಲಾ ಪತ್ರಿಕೆ ಎಂದ ಕೂಡಲೇ ನಮ್ಮಲ್ಲಿ ನೆನಪಾಗುವುದು ವಾರ್ಷಿಕೋತ್ಸವದ ದಿನ ಬಿಡುಗಡೆಯಾಗುವ ಸಂಚಿಕೆ. ಮೊದಲ ಆರು ಪುಟ ಗಣ್ಯರ ಶುಭ ಸಂದೇಶ. ಆಮೇಲೆ ಅಮ್ಮನ ಮೇಲೆ ಒಂಬತ್ತು ಕವನ, ಪರಿಸರ ಸಂರಕ್ಷಣೆಯ ಮೇಲೆ ಐದು ಪ್ರಬಂಧ, ನಗೆಹನಿ, ಒಗಟು, ಕೊನೆಗೆ ಊರಿನ ಬಟ್ಟೆ ಅಂಗಡಿಯ ಜಾಹೀರಾತು. ಅಂಥ ಸಂಚಿಕೆಯ ಮೇಲೆ ನನಗೆ ತಕರಾರಿಲ್ಲ. ಆದರೆ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದವರಿಗೂ ಆ ವರ್ಷ ಆ ಶಾಲೆಯಲ್ಲಿ ಏನಾಯಿತೆಂಬುದು ತಿಳಿಯುವುದಿಲ್ಲ. ಕೊಳವೆಬಾವಿ ಬತ್ತಿದ್ದು, ಗಣಿತದ ಮೇಷ್ಟರು ವರ್ಗವಾದ ಮೇಲೆ ಎರಡು ತಿಂಗಳು ಆ ಪೀರಿಯಡ್ ಖಾಲಿ ಹೋದದ್ದು, ಖೋಖೋ ತಂಡ ತಾಲ್ಲೂಕು ಫೈನಲ್‌ನಲ್ಲಿ ಒಂದೇ ಪಾಯಿಂಟಿನಿಂದ ಸೋತದ್ದು, ಇವು ಯಾವುವೂ ಅದರಲ್ಲಿ ಇರುವುದಿಲ್ಲ.

ಈ ಮಾರ್ಗದರ್ಶಿ ಬಿಟ್ಟುಹೋದ ಆ ಸಂಗತಿಗಳನ್ನು ಕುರಿತದ್ದು. ಮಕ್ಕಳು ಕೇಳಿ, ನೋಡಿ, ಎಣಿಸಿ, ಖಚಿತಪಡಿಸಿಕೊಂಡು ಬರೆಯುವ ಪತ್ರಿಕೆಯನ್ನು ಒಂದು ಸಾಧಾರಣ ಪ್ರೌಢಶಾಲೆಯಲ್ಲಿ ವರ್ಷವಿಡೀ ನಡೆಸುವುದು ಹೇಗೆ? ಕನ್ನಡ ಪಾಠ ಮಾಡುತ್ತಲೇ ಕೆಲವು ವರ್ಷ ಇದನ್ನು ನಡೆಸಿದ್ದೇನೆ, ಎರಡು ಬಾರಿ ಅರ್ಧಕ್ಕೆ ನಿಲ್ಲಿಸಿಯೂ ಇದ್ದೇನೆ. ಕೆಳಗೆ ಬರೆದಿರುವುದರಲ್ಲಿ ಹೆಚ್ಚಿನದು ಆ ಎರಡು ಸೋಲುಗಳಿಂದ ಕಲಿತದ್ದು.

ಮೊದಲ ಹೆಜ್ಜೆ: ಮುಖ್ಯ ಶಿಕ್ಷಕರೊಂದಿಗೆ ಒಂದು ಪುಟದ ಒಪ್ಪಂದ

ಮಕ್ಕಳನ್ನು ಸೇರಿಸುವ ಮುನ್ನ ಮುಖ್ಯ ಶಿಕ್ಷಕರ ಕೊಠಡಿಗೆ ಹೋಗಿ. ಅವರಿಗೆ ಇರುವ ಭಯ ನಿಜವಾದದ್ದು: ನಾಳೆ ಪತ್ರಿಕೆಯಲ್ಲಿ ಏನೋ ಬಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಫೋನ್ ಬಂದರೆ ಉತ್ತರಿಸಬೇಕಾದವರು ಅವರೇ. ಆದ್ದರಿಂದ 'ಪತ್ರಿಕಾ ಸ್ವಾತಂತ್ರ್ಯ' ಎಂದು ಭಾಷಣ ಮಾಡುವುದಕ್ಕಿಂತ ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳುವುದು ಒಳ್ಳೆಯದು. ಪತ್ರಿಕೆ ಯಾವ ದಿನ ಹೊರಬರುತ್ತದೆ? ಅದಕ್ಕೆ ಎರಡು ದಿನ ಮೊದಲು ಅವರು ಓದುತ್ತಾರೆಯೆ? ಯಾವ ಕಾರಣಕ್ಕೆ ಒಂದು ಬರಹವನ್ನು ತಡೆಯಬಹುದು? ತಡೆದರೆ ಆ ಕಾರಣವನ್ನು ಬರೆದ ಮಗುವಿಗೆ ಯಾರು ಹೇಳುತ್ತಾರೆ?

ಮುಖ್ಯ ಶಿಕ್ಷಕರು ಮುಂಚಿತವಾಗಿ ಓದಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಓದಲಿ. ಹೊಣೆ ಹೊತ್ತವರಿಗೆ ಅಷ್ಟು ಹಕ್ಕಿದೆ. ಆದರೆ ತಡೆಯಲು ಮೂರೇ ಕಾರಣಗಳು ಇರಲಿ. ಕಾನೂನಿಗೆ ವಿರುದ್ಧ, ಯಾವುದೋ ಮಗುವಿಗೆ ಅಪಾಯ ಅಥವಾ ಅವಮಾನ, ಸಂಗತಿಯಲ್ಲಿ ತಪ್ಪು. 'ಶಾಲೆಗೆ ಕೆಟ್ಟ ಹೆಸರು' ಎಂಬುದು ನಾಲ್ಕನೇ ಕಾರಣವಾಗಿ ನುಸುಳಿಕೊಳ್ಳದಂತೆ ಆ ದಿನವೇ ನೋಡಿಕೊಳ್ಳಿ. ಆಮೇಲೆ ಅದನ್ನು ಹೊರಹಾಕುವುದು ಕಷ್ಟ. ಮಕ್ಕಳಿಗೆ ಅಭಿವ್ಯಕ್ತಿಯ ಹಕ್ಕಿದೆ ಎಂದು ಹೇಳುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿಕೊಂಡಿದೆ. ಮಾತು ಬಿಗಿಯಾದರೆ ಅದರ 13ನೇ ವಿಧಿಯನ್ನು ಮೆಲ್ಲಗೆ ಮುಂದಿಡಬಹುದು. ನನಗೆ ಅದರ ಅಗತ್ಯ ಬಿದ್ದದ್ದು ಒಂದೇ ಸಲ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೂ ಒಮ್ಮೆ ವಿಷಯ ತಿಳಿಸಿಬಿಡಿ. ಅನುಮತಿ ಕೇಳುವ ದನಿಯಲ್ಲಿ ಅಲ್ಲ, ಮಾಹಿತಿ ಕೊಡುವ ದನಿಯಲ್ಲಿ.

ತಂಡ: ಮೊದಲ ರ‍್ಯಾಂಕಿನವರಷ್ಟೇ ಬೇಡ

ಹನ್ನೆರಡರಿಂದ ಹದಿನೈದು ಮಕ್ಕಳು ಸಾಕು. ಎಂಟನೇ ಮತ್ತು ಒಂಬತ್ತನೇ ತರಗತಿಯವರು ಬೆನ್ನೆಲುಬಾಗಿರಲಿ. ಹತ್ತನೆಯವರನ್ನು ಸೇರಿಸಿಕೊಂಡರೂ ದಸರಾ ರಜೆಯ ನಂತರ ಎಸ್‌ಎಸ್‌ಎಲ್‌ಸಿ ಅವರನ್ನು ನುಂಗಿಬಿಡುತ್ತದೆ. ಆ ಹೊತ್ತಿಗೆ ಅವರ ಕೆಲಸವನ್ನು ಕಿರಿಯರು ಕಲಿತಿರಬೇಕು.

ಅಕ್ಷರ ದುಂಡಗಿರುವ, ಪ್ರಬಂಧ ಸ್ಪರ್ಧೆಯಲ್ಲಿ ಗೆಲ್ಲುವ ಮಕ್ಕಳನ್ನೇ ಆರಿಸುವುದು ಮೊದಲ ವರ್ಷ ನಾನು ಮಾಡಿದ ತಪ್ಪು. ಅವರು ಬರೆದದ್ದೆಲ್ಲ ಪ್ರಬಂಧವೇ ಆಯಿತು. ಈಗ ಆಯ್ಕೆಗೆ ಒಂದೇ ಪ್ರಶ್ನೆ: "ನಿನ್ನೆ ನಮ್ಮ ಶಾಲೆಯಲ್ಲಿ ನಡೆದ, ನನಗೆ ಗೊತ್ತಿರದ ಒಂದು ಸಂಗತಿ ಹೇಳು." ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ್, ಏಳೂವರೆ ಬಸ್ಸಿನ ಕಂಡಕ್ಟರ್ ಬದಲಾಗಿದ್ದಾರೆ. ಹೊಸಬರು ನಮ್ಮ ಗೇಟಿನ ಹತ್ತಿರ ನಿಲ್ಲಿಸುವುದಿಲ್ಲ. ಹನ್ನೊಂದು ಜನ ಹಿಂದಕ್ಕೆ ನಡೆದು ಬರುತ್ತಾರೆ" ಎಂದ. ಕಾಗುಣಿತ ಅವನಿಗೆ ಇನ್ನೂ ಪೂರ್ತಿ ಬಾರದು. ಆದರೆ ಹನ್ನೊಂದು ಎಂದು ಎಣಿಸಿದ್ದ. ಅವನೇ ನಮ್ಮ ಮೊದಲ ಮುಖ್ಯ ವರದಿಗಾರ.

ಒಬ್ಬರು ಸಂಪಾದಕರು, ಐದಾರು ವರದಿಗಾರರು, ಇಬ್ಬರು ಉಪಸಂಪಾದಕರು, ಪುಟ ಕಟ್ಟಲು ಇಬ್ಬರು, ಚಿತ್ರ ಬರೆಯಲು ಒಬ್ಬರು, ಲೆಕ್ಕ ಮತ್ತು ಹಂಚಿಕೆಗೆ ಒಬ್ಬರು. ಸಂಪಾದಕರ ಸ್ಥಾನ ಮೂರು ತಿಂಗಳಿಗೊಮ್ಮೆ ಬದಲಾಗಲಿ. ಹುಡುಗಿಯರನ್ನು ಅಲಂಕಾರಕ್ಕೂ ಅಂದವಾದ ಬರವಣಿಗೆಗೂ, ಹುಡುಗರನ್ನು ಓಡಾಟಕ್ಕೂ ಹಂಚುವ ಹಳೆಯ ಚಾಳಿ ತಾನಾಗಿಯೇ ನುಗ್ಗುತ್ತದೆ. ತಂಡದ ಪಟ್ಟಿ ಬರೆದ ಮೇಲೆ ಒಮ್ಮೆ ನೋಡಿಕೊಳ್ಳಿ.

ಶಿಕ್ಷಕರಾದ ನಿಮ್ಮ ಕೆಲಸವೇನು? ಪ್ರಶ್ನೆ ಕೇಳುವುದು. ಕೆಂಪು ಪೆನ್ನು ಹಿಡಿದು ವಾಕ್ಯ ತಿದ್ದಲು ಕೈ ತುರಿಸುತ್ತದೆ, ಬಲ್ಲೆ. ಪೆನ್ನು ಜೇಬಿನಲ್ಲೇ ಇರಲಿ.

ಜಾಗ, ಸಮಯ, ಮತ್ತು ಜುಲೈ 1

ಪ್ರತ್ಯೇಕ ಕೊಠಡಿ ಬೇಕಿಲ್ಲ. ಗ್ರಂಥಾಲಯದ ಒಂದು ಮೇಜು, ಬೀಗವಿರುವ ಒಂದು ಬೀರು, ಕಾರಿಡಾರಿನಲ್ಲಿ ನಾಲ್ಕು ಅಡಿ ಅಗಲ ಮೂರು ಅಡಿ ಎತ್ತರದ ಒಂದು ಫಲಕ. ಬೀರುವಿಗೆ ಬೀಗ ಇರಲೇಬೇಕು. ಅದರಲ್ಲಿ ವರದಿಗಾರರ ನೋಟ್‌ಪುಸ್ತಕಗಳಿರುತ್ತವೆ. ಯಾರು ಏನು ಹೇಳಿದರು ಎಂಬುದು ಬೀದಿಗೆ ಬೀಳಬಾರದು.

ಸರ್ಕಾರಿ ಶಾಲೆಗಳಲ್ಲಿ ಜೂನ್ ಮೊದಲ ಎರಡು ವಾರ ದಾಖಲಾತಿ, ಪಠ್ಯಪುಸ್ತಕ, ಸಮವಸ್ತ್ರದಲ್ಲಿ ಕಳೆದುಹೋಗುತ್ತದೆ. ಉಳಿದ ಎರಡು ವಾರ ತಂಡ ಕಟ್ಟಿ ಅಭ್ಯಾಸ ಮಾಡಿ, ಜುಲೈ 1ರಂದು ಮೊದಲ ಸಂಚಿಕೆ ಹೊರತನ್ನಿ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂತು. ಆ ನೆನಪಿಗೆ ನಾವು ಆ ದಿನವನ್ನು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ ಅದನ್ನು ಹದಿನೈದು ದಿನಕ್ಕೊಮ್ಮೆ ಹೊರಡಿಸಿದ್ದು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ. ಕಲ್ಲಚ್ಚು ಎಂದರೆ ಅಚ್ಚುಮೊಳೆ ಜೋಡಿಸಿ ಮುದ್ರಿಸಿದ್ದಲ್ಲ, ಕೈಯಲ್ಲಿ ಬರೆದದ್ದನ್ನು ಕಲ್ಲಿನ ಮೇಲೆ ಮೂಡಿಸಿ ತೆಗೆದ ಪ್ರತಿ. ಕಂಪ್ಯೂಟರ್ ಇಲ್ಲವೆಂದು ಕೊರಗುವ ಶಾಲೆಗಳಿಗೆ ನಾನು ಇದನ್ನು ಹೇಳುತ್ತಿರುತ್ತೇನೆ: ಕನ್ನಡ ಪತ್ರಿಕೋದ್ಯಮ ಶುರುವಾದದ್ದೇ ಕೈಬರಹದಿಂದ.

ಆದ್ದರಿಂದ ಮೊದಲ ಮೂರು ತಿಂಗಳು ಗೋಡೆ ಪತ್ರಿಕೆ ಮಾತ್ರ. ವಾರಕ್ಕೊಂದು. ನಮ್ಮ ವಾರ ಹೀಗೆ ನಡೆಯುತ್ತದೆ:

- ಸೋಮವಾರ, ಊಟದ ವಿರಾಮದಲ್ಲಿ 20 ನಿಮಿಷ ಸುದ್ದಿಸಭೆ. ಪ್ರತಿಯೊಬ್ಬರೂ ನಿಂತು ಒಂದೇ ವಾಕ್ಯದಲ್ಲಿ ತಮ್ಮ ಸುದ್ದಿ ಹೇಳಬೇಕು.
- ಮಂಗಳವಾರ, ಬುಧವಾರ ಓಡಾಟ, ಮಾತುಕತೆ, ದಾಖಲೆ ನೋಡುವುದು.
- ಗುರುವಾರ ಸಂಜೆ ನಾಲ್ಕೂವರೆಗೆ ಬರಹ ಡೆಸ್ಕಿಗೆ, ಅಂದರೆ ಉಪಸಂಪಾದಕರ ಮೇಜಿಗೆ, ತಲುಪಬೇಕು. ಇದೇ ಡೆಡ್‌ಲೈನ್.
- ಶುಕ್ರವಾರ ತಿದ್ದುವುದು, ಪುಟ ಕಟ್ಟುವುದು. ಮುದ್ರಿತ ಸಂಚಿಕೆಯ ವಾರವಾದರೆ ಈ ಎರಡೂ ದಿನದ ಕೆಲಸ ಒಂದೊಂದು ದಿನ ಮುಂಚೆ.
- ಶನಿವಾರ ಬೆಳಗಿನ ಪ್ರಾರ್ಥನೆಗೆ ಮುಂಚೆ ಫಲಕದ ಮೇಲೆ.

ಸೋಮವಾರದ ಆ ಒಂದು ವಾಕ್ಯದ ನಿಯಮವನ್ನು ಬಿಡಬೇಡಿ. "ಸರ್, ನಾನು ಗ್ರಂಥಾಲಯದ ಬಗ್ಗೆ ಬರೆಯುತ್ತೇನೆ" ಎಂದರೆ ಅದು ಸುದ್ದಿಯಲ್ಲ, ವಿಷಯ. "ಗ್ರಂಥಾಲಯದ ಪುಸ್ತಕಗಳನ್ನು ಆಗಸ್ಟ್ ಇಡೀ ಯಾರೂ ಮನೆಗೆ ಒಯ್ದಿಲ್ಲ, ಏಕೆಂದರೆ ಬೀರುವಿನ ಕೀಲಿ ಕಳೆದಿದೆ" ಎಂದರೆ ಸುದ್ದಿ. ಹೇಳಿದ ವಾಕ್ಯದಲ್ಲಿ ಕ್ರಿಯಾಪದ ಇಲ್ಲದಿದ್ದರೆ ಕೂರಿಸಿ, ಮತ್ತೆ ಹುಡುಕಿಕೊಂಡು ಬರಲಿ.

ಡೆಡ್‌ಲೈನ್ ತಪ್ಪಿದ ಬರಹಕ್ಕೆ ಏನು ಮಾಡಬೇಕು? ಆ ಜಾಗವನ್ನು ಖಾಲಿ ಬಿಡಿ. ನಾನು ಒಮ್ಮೆ ಹಾಗೆ ಬಿಟ್ಟು, ಚೌಕಟ್ಟಿನೊಳಗೆ 'ಈ ಜಾಗ ಕ್ರೀಡಾ ವರದಿಗೆ ಮೀಸಲಿತ್ತು' ಎಂದು ಬರೆಸಿದೆ. ಆ ವರ್ಷ ಎರಡನೇ ಸಲ ಬಿಡಬೇಕಾಗಲಿಲ್ಲ.

ಬೀಟ್ ಹಂಚುವುದು

ದೊಡ್ಡ ಪತ್ರಿಕೆಗಳಲ್ಲಿ ಕ್ರೈಂ, ಕೋರ್ಟ್, ಪಾಲಿಕೆ ಎಂದು ಒಬ್ಬೊಬ್ಬ ವರದಿಗಾರರಿಗೆ ವಹಿಸಿದ ಬೀಟ್‌ಗಳಿರುವಂತೆ ಶಾಲೆಗೂ ಬೀಟ್‌ಗಳಿವೆ: ಬಿಸಿಯೂಟ, ನೀರು ಮತ್ತು ಶೌಚಾಲಯ, ಗ್ರಂಥಾಲಯ, ಮೈದಾನ, ಬಸ್ಸು, ಶಾಲಾ ಸಂಸತ್ತು, ಗ್ರಾಮ ಪಂಚಾಯಿತಿ, ಮಳೆ. ಒಂದು ಬೀಟ್ ಒಬ್ಬರಿಗೆ, ಕನಿಷ್ಠ ಎರಡು ತಿಂಗಳು. ದಿನಾ ಹೋಗಿ ಮಾತಾಡಿಸುತ್ತಿದ್ದರೆ ಮಾತ್ರ ಸುದ್ದಿ ತಾನಾಗಿ ಬರುತ್ತದೆ.

ಬಿಸಿಯೂಟದ ಬೀಟನ್ನು ತುಸು ಬಿಡಿಸಿ ಹೇಳುತ್ತೇನೆ, ಏಕೆಂದರೆ ಮಕ್ಕಳು ಮೊದಲು ಕೈಹಾಕುವುದೂ ಮೊದಲು ಎಡವುವುದೂ ಅಲ್ಲೇ. 'ಇಂದಿನ ಸಾಂಬಾರು ಚೆನ್ನಾಗಿರಲಿಲ್ಲ' ಎಂಬುದು ಅಭಿಪ್ರಾಯ. ಯೋಜನೆಯ ಲೆಕ್ಕದ ಪ್ರಕಾರ ಆರರಿಂದ ಎಂಟನೇ ತರಗತಿಯ ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ ಸಿಗಬೇಕು. ಎಂಟನೇ ತರಗತಿಯ 62 ಮಕ್ಕಳು ಉಂಡ ದಿನ ಅವರ ಪಾಲಿನ ತರಕಾರಿಯೇ 4 ಕಿಲೋ 650 ಗ್ರಾಂ. ಈ ಗುಣಾಕಾರವನ್ನು ವರದಿಗಾರ್ತಿ ತಾನೇ ಮಾಡಲಿ. ಆಮೇಲೆ ಅಡುಗೆ ಮನೆಗೆ ಹೋಗಲಿ. ಆದರೆ ತಕ್ಕಡಿ ಹಿಡಿದು ತನಿಖೆಗೆ ಬಂದವಳಂತೆ ಅಲ್ಲ. "ಅಕ್ಕ, ಇವತ್ತು ತರಕಾರಿ ಎಷ್ಟು ಬಂತು? ಯಾರು ತಂದರು? ಬೆಲೆ ಏರಿದ ವಾರ ಏನು ಮಾಡುತ್ತೀರಿ?" ಎಂದು ಕೇಳಲಿ. ಬೆಳಿಗ್ಗೆಯಿಂದ ಹೊಗೆಯಲ್ಲಿ ನಿಂತ ಹೆಂಗಸಿಗೆ ಇದುವರೆಗೆ ಯಾರೂ ಈ ಪ್ರಶ್ನೆ ಕೇಳಿರುವುದಿಲ್ಲ. ನಮ್ಮ ಹುಡುಗಿ ಸಾಂಬಾರಿನ ದೂರು ಬರೆಯಲು ಹೋಗಿ, ಟೊಮೆಟೊ ಬೆಲೆ ಏರಿದಾಗ ಅಡುಗೆಯವರು ಹುಣಸೆಹಣ್ಣಿನಲ್ಲಿ ದೂಡುವ ಕಥೆ ಬರೆದುಕೊಂಡು ಬಂದಳು. ಅದು ದೂರಿಗಿಂತ ಹೆಚ್ಚು ಜನ ಓದಿದ ಸುದ್ದಿ.

ಇನ್ನೊಂದು ಒಳ್ಳೆಯ ಅಭ್ಯಾಸ: ತಂಬಾಕು ನಿಯಂತ್ರಣ ಕಾಯ್ದೆಯಂತೆ (2003) ಶಿಕ್ಷಣ ಸಂಸ್ಥೆಯ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ನೂರು ಗಜ ಎಂದರೆ ಸುಮಾರು 91 ಮೀಟರ್. ಕಾಂಪೌಂಡಿನ ಹೊರ ಅಂಚಿನಿಂದ ಟೇಪು ಹಿಡಿದು ಅಳೆದು, ನಕ್ಷೆ ಬರೆದು ಪ್ರಕಟಿಸಬಹುದು. ಅಳೆಯುವಾಗ ದೈಹಿಕ ಶಿಕ್ಷಕರು ಜೊತೆಗಿರಲಿ, ಅಂಗಡಿಯವರೊಂದಿಗೆ ಮಕ್ಕಳು ವಾದಕ್ಕಿಳಿಯುವುದು ಬೇಡ. ಮಳೆಯ ಬೀಟಿಗೆ ಒಂದು ಮಳೆಮಾಪಕ ಸಾಕು. ಪಂಚಾಯಿತಿ ಬೀಟಿಗೆ ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆ ದೊಡ್ಡ ಹಬ್ಬ. ಕಳೆದ ವರ್ಷದ ಸಭೆಯಲ್ಲಿ ಕೊಟ್ಟ ಭರವಸೆಗಳ ಪಟ್ಟಿ ಹಿಡಿದು ಹೋಗಬೇಕು.

ವರದಿಗಾರಿಕೆ: 'ನೋಡಿದ್ದು ಯಾರು?'

ಒಂದು ಸೋಮವಾರ ಎಂಟನೇ ತರಗತಿಯ ಹುಡುಗನೊಬ್ಬ ಉಸಿರು ಬಿಗಿಹಿಡಿದು ಬಂದ. "ಸರ್, ನೀರಿನ ಟ್ಯಾಂಕಿನಲ್ಲಿ ಇಲಿ ಸತ್ತು ಬಿದ್ದಿದೆಯಂತೆ." ಇಡೀ ಸಭೆ ಮುಖ ಸಿಂಡರಿಸಿತು. ಸಂಪಾದಕಿ ಒಂಬತ್ತನೆಯ ತರಗತಿಯವಳು, ಮಾತು ಕಡಿಮೆ. "ನೋಡಿದ್ದು ಯಾರು?" ಎಂದಳು. ಅವನಿಗೆ ಹೇಳಿದ್ದು ಗೆಳೆಯ. ಗೆಳೆಯನಿಗೆ ಅವನ ಅಕ್ಕ. ಅಕ್ಕನಿಗೆ ಪಕ್ಕದ ಬೆಂಚಿನವಳು. ಅವಳಿಗೆ ಶಾಲೆಯ ತೋಟದ ಕೆಲಸಕ್ಕೆ ಬರುವವರು 'ಟ್ಯಾಂಕಿನಲ್ಲಿ ಏನೋ ಕಪ್ಪಗೆ ತೇಲುತ್ತಿದೆ' ಎಂದಿದ್ದರು. ನಾಲ್ಕು ಬಾಯಿ ದಾಟುವುದರೊಳಗೆ ಕಪ್ಪಗಿನ ಏನೋ ಒಂದು ಇಲಿಯಾಗಿತ್ತು, ಸತ್ತೂ ಹೋಗಿತ್ತು.

ಮಕ್ಕಳನ್ನು ಟ್ಯಾಂಕಿನ ಮೇಲೆ ಹತ್ತಿಸುವಂತಿಲ್ಲ. ದೈಹಿಕ ಶಿಕ್ಷಕರು ಏಣಿ ಹಾಕಿ ಹತ್ತಿ ಮೊಬೈಲಿನಲ್ಲಿ ಫೋಟೊ ತೆಗೆದರು. ತೇಲುತ್ತಿದ್ದದ್ದು ಗಾಳಿ ಹೋದ ರಬ್ಬರ್ ಚೆಂಡು. ಹುಡುಗ ಸಪ್ಪಗಾದ, ಸುದ್ದಿ ಸತ್ತಿತೆಂದು. ಸಂಪಾದಕಿ ಮಾತ್ರ ಫೋಟೊ ದೊಡ್ಡದು ಮಾಡಿ ನೋಡಿ ಕೇಳಿದಳು: "ಚೆಂಡು ಒಳಗೆ ಹೋದದ್ದು ಹೇಗೆ?" ಟ್ಯಾಂಕಿಗೆ ಮುಚ್ಚಳವೇ ಇರಲಿಲ್ಲ. ಮಳೆಗಾಲದ ಗಾಳಿಗೆ ಹಾರಿಹೋದದ್ದು, ಹಿತ್ತಲ ಲಾಂಟಾನದೊಳಗೆ ಸಿಕ್ಕಿತು. ಶನಿವಾರದ ತಲೆಬರಹ 'ನೀರಿನ ಟ್ಯಾಂಕಿಗೆ ಮುಚ್ಚಳವಿಲ್ಲ'. ಸೋಮವಾರದ ಹೊತ್ತಿಗೆ ಮುಚ್ಚಳ ತಂತಿ ಬಿಗಿಸಿಕೊಂಡು ಕೂತಿತ್ತು. ಇಲಿಯೆಂದು ಬರೆದಿದ್ದರೆ ಮುಚ್ಚಳ ಬರುತ್ತಿರಲಿಲ್ಲ, ಮುಖ್ಯ ಶಿಕ್ಷಕರಿಂದ ನೋಟಿಸು ಬರುತ್ತಿತ್ತು.

ಈ ಘಟನೆಯ ನಂತರ ನಮ್ಮ ನೋಟ್‌ಪುಸ್ತಕದ ಪ್ರತಿ ಪುಟವನ್ನೂ ಉದ್ದಕ್ಕೆ ಗೆರೆ ಎಳೆದು ಎರಡು ಭಾಗ ಮಾಡಿದೆವು. ಎಡಕ್ಕೆ 'ನಾನು ನೋಡಿದ್ದು', ಬಲಕ್ಕೆ 'ಯಾರೋ ಹೇಳಿದ್ದು'. ಬಲಗಡೆ ಬರೆದದ್ದಕ್ಕೆ ಹೇಳಿದವರ ಹೆಸರು ಇರಬೇಕು. ಇನ್ನೊಬ್ಬರು ಅದನ್ನೇ ಹೇಳದ ಹೊರತು ಅಥವಾ ದಾಖಲೆ ಸಿಗದ ಹೊರತು ಬಲಗಡೆಯದು ಪತ್ರಿಕೆಗೆ ಹೋಗುವುದಿಲ್ಲ. 'ಅಂತೆ' ಎಂಬ ಪದಕ್ಕೆ ನಮ್ಮ ಸುದ್ದಿಮನೆಯಲ್ಲಿ ಪ್ರವೇಶವಿಲ್ಲ.

ಸಂದರ್ಶನಕ್ಕೆ ಹೋಗುವ ಮುನ್ನ ಪ್ರಶ್ನೆಗಳನ್ನು ಬರೆದುಕೊಳ್ಳಬೇಕು, ಆದರೆ ಪಟ್ಟಿಯನ್ನು ಗಿಣಿಪಾಠದಂತೆ ಒಪ್ಪಿಸಬಾರದು. ನಿವೃತ್ತರಾಗುತ್ತಿದ್ದ ಒಬ್ಬ ಅಟೆಂಡರ್ ಅವರನ್ನು ಸಂದರ್ಶಿಸಿದ ಹುಡುಗಿ "ನಿಮ್ಮ ಜೀವನದ ಮರೆಯಲಾಗದ ಘಟನೆ ಯಾವುದು?" ಎಂದು ಕೇಳಿದಳು. ಅವರು "ಹಾಗೇನಿಲ್ಲವಮ್ಮ" ಎಂದರು. ಎರಡನೇ ದಿನ ಕಳಿಸಿ, "ಗಂಟೆ ಹೊಡೆಯುವ ಕಬ್ಬಿಣದ ತುಂಡು ಎಲ್ಲಿಂದ ಬಂತು ಎಂದು ಕೇಳು" ಎಂದೆ. ಅವರು ಅರ್ಧ ಗಂಟೆ ಮಾತಾಡಿದರು. ಅದು ರೈಲು ಹಳಿಯ ತುಂಡು, ಅದನ್ನು ಸೈಕಲ್ಲಿಗೆ ಕಟ್ಟಿ ತಂದವರು ಅವರೇ. ವಸ್ತುವಿನ ಬಗ್ಗೆ ಕೇಳಿದರೆ ಜನ ಮಾತಾಡುತ್ತಾರೆ. ಕೊನೆಯಲ್ಲಿ ಹೆಸರಿನ ಕಾಗುಣಿತವನ್ನು ಅವರ ಎದುರೇ ಬರೆದು ತೋರಿಸಬೇಕು. ಈ ಊರಿನಲ್ಲಿ ಲಕ್ಷ್ಮೀ, ಲಕ್ಷ್ಮಿ, ಲಕ್ಷ್ಮಮ್ಮ ಮೂವರೂ ಇದ್ದಾರೆ.

ಬರವಣಿಗೆ: 'ಲಾಯಿತು' ರೋಗ

ಮಕ್ಕಳು ತರುವ ಮೊದಲ ವರದಿ ಹೆಚ್ಚುಕಡಿಮೆ ಹೀಗಿರುತ್ತದೆ:

"ನಮ್ಮ ಶಾಲೆಯಲ್ಲಿ ವನಮಹೋತ್ಸವ ಕಾರ್ಯಕ್ರಮವನ್ನು ಬಹಳ ವಿಜೃಂಭಣೆಯಿಂದ ಆಚರಿಸಲಾಯಿತು. ಮುಖ್ಯ ಅತಿಥಿಗಳು ಸಸಿಗೆ ನೀರೆರೆಯುವುದರ ಮೂಲಕ ಕಾರ್ಯಕ್ರಮವನ್ನು ಉದ್ಘಾಟಿಸಿ ಪರಿಸರದ ಮಹತ್ವದ ಕುರಿತು ಅಮೂಲ್ಯವಾದ ಮಾತುಗಳನ್ನಾಡಿದರು. ವಂದನಾರ್ಪಣೆಯೊಂದಿಗೆ ಕಾರ್ಯಕ್ರಮ ಮುಕ್ತಾಯಗೊಂಡಿತು."

ತಪ್ಪು ಮಕ್ಕಳದ್ದಲ್ಲ. ನಾವು ಇಲಾಖೆಗೆ ಕಳಿಸುವ ವರದಿಗಳ ಭಾಷೆ ಇದು, ಅವರು ಅದನ್ನೇ ಕಲಿತಿದ್ದಾರೆ. ಇದನ್ನು ತಿದ್ದಿಕೊಡಬೇಡಿ, ಪ್ರಶ್ನೆ ಹಾಕಿ. ಎಷ್ಟು ಸಸಿ? ಯಾವ ಮರ? ನೆಟ್ಟವರು ಯಾರು? ಎಲ್ಲಿ? ಹೋದ ವರ್ಷ ನೆಟ್ಟವು ಏನಾದವು? ಕೊನೆಯ ಪ್ರಶ್ನೆಗೆ ಇಬ್ಬರು ಹುಡುಗರು ಬೇಲಿಯುದ್ದಕ್ಕೂ ಎಣಿಸಿಕೊಂಡು ಬಂದರು. ಎರಡನೇ ಪ್ರತಿ:

"ಒಂಬತ್ತನೇ ತರಗತಿಯವರು ಶುಕ್ರವಾರ ಹಿಂದಿನ ಬೇಲಿಯುದ್ದಕ್ಕೂ 40 ಸಸಿ ನೆಟ್ಟರು. ಹೊಂಗೆ, ಬೇವು, ನೇರಳೆ. ಕಳೆದ ವರ್ಷ ಇದೇ ಜಾಗದಲ್ಲಿ ನೆಟ್ಟ 35ರಲ್ಲಿ ಈಗ 11 ಉಳಿದಿವೆ. ಬೇಸಿಗೆ ರಜೆಯಲ್ಲಿ ನೀರು ಹಾಕುವವರಿರಲಿಲ್ಲ ಎನ್ನುತ್ತಾರೆ ಇಕೋ ಕ್ಲಬ್ಬಿನ ಶಿಕ್ಷಕರು. ಈ ಸಲ ಶಾಲೆಯ ಹತ್ತಿರವೇ ಮನೆಯಿರುವ ಎಂಟು ಮಕ್ಕಳು ರಜೆಯಲ್ಲಿ ಸರದಿಯಂತೆ ಬರಲು ಒಪ್ಪಿದ್ದಾರೆ."

ಮೊದಲ ಪ್ರತಿಯ ತಲೆಬರಹ 'ಸಂಭ್ರಮದ ವನಮಹೋತ್ಸವ'. ಎರಡನೆಯದರದ್ದು 'ನೆಟ್ಟದ್ದು 35, ಉಳಿದದ್ದು 11'.

ಆಚರಿಸಲಾಯಿತು, ಏರ್ಪಡಿಸಲಾಗಿತ್ತು, ಸನ್ಮಾನಿಸಲಾಯಿತು. ಈ 'ಲಾಯಿತು' ಮಾಡಿದವರನ್ನು ಮರೆಮಾಡುತ್ತದೆ. ಮಾಡಿದವರ ಹೆಸರು ಗೊತ್ತಿದ್ದರೆ ಅದನ್ನೇ ಬರೆದು ವಾಕ್ಯ ತಿರುಗಿಸಲಿ. ಹಾಗೆಯೇ ಅದ್ದೂರಿ, ಅಮೂಲ್ಯ, ವಿಜೃಂಭಣೆ, ಸ್ತುತ್ಯರ್ಹ ಎಂಬ ಪದಗಳ ಪಟ್ಟಿಯನ್ನು ಬೀರುವಿನ ಬಾಗಿಲಿಗೆ ಅಂಟಿಸಿಡಿ. ಬಳಸಿದವರು ಡೆಸ್ಕಿಗೆ ಒಂದು ರೂಪಾಯಿ ದಂಡ ಕಟ್ಟಲಿ. ನಮ್ಮಲ್ಲಿ ವರ್ಷದ ಕೊನೆಗೆ ಸೇರಿದ ದಂಡದಲ್ಲಿ ಕಾಲುಭಾಗ ನನ್ನದೇ.

ಮೊಬೈಲಿನಿಂದ ಇಳಿಸಿಕೊಂಡು ಬಂದ ಬರಹವನ್ನು, ಈಗೀಗ ಯಂತ್ರವೇ ಬರೆದುಕೊಟ್ಟದ್ದನ್ನು, ಗುರುತಿಸುವುದು ಸುಲಭ. ಅದರಲ್ಲಿ ನಿಮ್ಮೂರಿನ ಒಬ್ಬ ಮನುಷ್ಯನೂ ಇರುವುದಿಲ್ಲ. ಬೈಯುವ ಬದಲು ನೋಟ್‌ಪುಸ್ತಕ ಕೇಳಿ. ನೋಟ್ ಇಲ್ಲದ ವರದಿ ಪ್ರಕಟವಾಗುವುದಿಲ್ಲ ಎಂಬ ನಿಯಮ ಒಂದೇ ಸಾಕು.

ಡೆಸ್ಕಿನಲ್ಲಿ ಎರಡು ಸುತ್ತು. ಮೊದಲನೆಯವರು ಸಂಗತಿ ನೋಡುತ್ತಾರೆ: ಹೆಸರು, ದಿನ, ವಾರ, ಅಂಕಿ, ಕೂಡಿದ ಮೊತ್ತ. ಎರಡನೆಯವರು ಭಾಷೆ: ಅಲ್ಪಪ್ರಾಣ ಮಹಾಪ್ರಾಣ, ಲ-ಳ, ಶ-ಷ-ಸ, ಅಕಾರ ಹಕಾರ. ಒಬ್ಬರೇ ಎರಡನ್ನೂ ನೋಡಿದರೆ ಕಾಗುಣಿತದ ಮೇಲೆ ಕಣ್ಣಿಟ್ಟು 2014 ಎಂದಿರಬೇಕಾದಲ್ಲಿ 2041 ಎಂದು ಬಿಟ್ಟುಬಿಡುತ್ತಾರೆ.

ಯಾವುದನ್ನು ಬರೆಯಬಾರದು

ಇಲ್ಲಿ ಮಾತ್ರ ಶಿಕ್ಷಕರು ಗಟ್ಟಿಯಾಗಿ ನಿಲ್ಲಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಸಿಗುವ ಯಾವುದನ್ನೂ, ಅಂದರೆ ಹೆಸರು, ವಿಳಾಸ, ಫೋಟೊ, ಕುಟುಂಬ, ಶಾಲೆ, ನೆರೆಹೊರೆ, ಪ್ರಕಟಿಸುವುದನ್ನು ಪೋಕ್ಸೊ ಕಾಯ್ದೆಯ (2012) 23ನೇ ಸೆಕ್ಷನ್ ನಿಷೇಧಿಸುತ್ತದೆ. ಬಾಲನ್ಯಾಯ ಕಾಯ್ದೆಯ (2015) 74ನೇ ಸೆಕ್ಷನ್ ಪ್ರಕರಣಗಳಲ್ಲಿ ಸಿಲುಕಿದ ಮಕ್ಕಳಿಗೂ ಸಾಕ್ಷಿ ಮಕ್ಕಳಿಗೂ ಅದೇ ರಕ್ಷಣೆ ಕೊಡುತ್ತದೆ. ಗಮನಿಸಿ: ನಿಮ್ಮ ಪತ್ರಿಕೆಯ ತಲೆಯ ಮೇಲೇ ಶಾಲೆಯ ಹೆಸರಿದೆ. 'ಹೆಸರು ಬರೆದಿಲ್ಲವಲ್ಲ' ಎಂದರೂ ಗುರುತು ಆಗಲೇ ಬಯಲಾಗಿರುತ್ತದೆ. ಹಾಗಾಗಿ ಇಂಥವು ಮಕ್ಕಳ ಪತ್ರಿಕೆಯ ಸುದ್ದಿಗಳೇ ಅಲ್ಲ.

ಆದರೆ ಬೀಟ್ ಸುತ್ತುವ ಮಗುವಿನ ಕಿವಿಗೆ ಅಂಥದ್ದು ಬಿದ್ದೇ ಬೀಳುತ್ತದೆ. ಒಬ್ಬಳ ಮದುವೆ ಗೊತ್ತಾಗಿದೆ, ಒಬ್ಬನನ್ನು ಇಟ್ಟಿಗೆ ಗೂಡಿಗೆ ಕಳಿಸಿದ್ದಾರೆ, ಇನ್ನೂ ಕೆಟ್ಟದ್ದು. ಆಗ ಏನು ಮಾಡಬೇಕೆಂದು ಜೂನ್‌ನಲ್ಲೇ ಹೇಳಿಡಿ: ಬರೆಯಬೇಡ, ಗೆಳೆಯರಿಗೆ ಹೇಳಬೇಡ, ನೇರವಾಗಿ ನನಗೆ ಅಥವಾ ನೀನು ನಂಬುವ ಟೀಚರ್‌ಗೆ ಹೇಳು. ಮಕ್ಕಳ ಸಹಾಯವಾಣಿ 1098 ಫಲಕದ ಮೂಲೆಯಲ್ಲಿ ಸದಾ ಇರಲಿ. ಪೋಕ್ಸೊ ಅಪರಾಧ ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದು ಕಾನೂನಿನ ಪ್ರಕಾರ ನಮ್ಮ ಕರ್ತವ್ಯ. ಶಾಲೆಯೊಳಗೇ ಮುಚ್ಚಿಹಾಕುವ ಆಯ್ಕೆ ಯಾರಿಗೂ ಇಲ್ಲ.

ಉಳಿದಂತೆ ಕಡಿಮೆ ಅಂಕ ಪಡೆದವರ ಹೆಸರು ಬೇಡ, ಜಾತಿ ಬೇಡ, ಶುಲ್ಕ ಕಟ್ಟದವರ ಪಟ್ಟಿ ಬೇಡ, ಯಾರು ಯಾರನ್ನು ಇಷ್ಟಪಡುತ್ತಾರೆಂಬ 'ಗುಸುಗುಸು' ಅಂಕಣ ಬೇಡವೇ ಬೇಡ. ಅದನ್ನು ಪ್ರತಿ ವರ್ಷವೂ ಯಾರಾದರೂ ಕೇಳುತ್ತಾರೆ. ಮಕ್ಕಳ ಫೋಟೊಗೆ ಪೋಷಕರ ಒಪ್ಪಿಗೆ ಪತ್ರವನ್ನು ದಾಖಲಾತಿಯ ಸಮಯದಲ್ಲೇ ಪಡೆದಿಡಿ. ಪತ್ರಿಕೆಯ ಪಿಡಿಎಫ್ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುವುದಾದರೆ ಫೋಟೊದ ಕೆಳಗೆ ಪೂರ್ತಿ ಹೆಸರು, ತರಗತಿ, ಊರು ಮೂರನ್ನೂ ಒಟ್ಟಿಗೆ ಕೊಡಬೇಡಿ.

ಪುಟ ಕಟ್ಟುವುದು, ಅಚ್ಚು ಹಾಕಿಸುವುದು

ಮೂರು ತಿಂಗಳು ಗೋಡೆ ಪತ್ರಿಕೆ ತಪ್ಪದೆ ಬಂದರೆ ಮಾತ್ರ ತಿಂಗಳಿಗೊಂದು ಮುದ್ರಿತ ಸಂಚಿಕೆಗೆ ಕೈಹಾಕಿ. ಅತ್ಯಂತ ಸುಲಭದ ಆಕಾರ: ಒಂದು ಎ3 ಹಾಳೆ, ನಡುವೆ ಮಡಿಸಿದರೆ ನಾಲ್ಕು ಎ4 ಪುಟ. ಒಂದು ಬದಿಯಲ್ಲಿ ಎಡಕ್ಕೆ 4ನೇ ಪುಟ, ಬಲಕ್ಕೆ 1ನೇ ಪುಟ. ಇನ್ನೊಂದು ಬದಿಯಲ್ಲಿ 2 ಮತ್ತು 3. ಮೊದಲ ಸಲ ಖಾಲಿ ಹಾಳೆ ಮಡಿಸಿ ಪೆನ್ಸಿಲಿನಲ್ಲಿ ಪುಟಸಂಖ್ಯೆ ಬರೆದು ಡಮ್ಮಿ ಮಾಡಿಕೊಳ್ಳಿ, ಝೆರಾಕ್ಸ್ ಅಂಗಡಿಯಲ್ಲಿ ನಿಂತು ತಲೆಕೆರೆದುಕೊಳ್ಳುವುದು ತಪ್ಪುತ್ತದೆ.

ಕನ್ನಡದ ಪುಟಕ್ಕೆ ಅದರದ್ದೇ ಕೆಲವು ತಂಟೆಗಳಿವೆ. ಬರಹವೆಲ್ಲ ಯಾವ ಕಂಪ್ಯೂಟರಿಗೂ ಒಗ್ಗುವ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿರಲಿ. ಹಳೆಯ 'ನುಡಿ' ಅಥವಾ 'ಬರಹ' ತಂತ್ರಾಂಶದ ಫಾಂಟಿನಲ್ಲಿ ಟೈಪಿಸಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ಕೆಲವು ಹಳೆಯ ಪುಟವಿನ್ಯಾಸ ತಂತ್ರಾಂಶಗಳು ಯುನಿಕೋಡ್ ಒತ್ತಕ್ಷರವನ್ನು ಒಡೆದುಹಾಕುತ್ತವೆ, 'ಶಕ್ತಿ' ಎಂಬುದು ಬಿಡಿಬಿಡಿಯಾಗಿ ಕೂರುತ್ತದೆ. ಉಚಿತವಾಗಿ ಸಿಗುವ ಲಿಬ್ರೆಆಫೀಸ್ ರೈಟರ್ ನಮ್ಮ ಅಗತ್ಯಕ್ಕೆ ಸಾಕು. ಒಳಬರಹಕ್ಕೆ ನೋಟೋ ಸೆರಿಫ್ ಕನ್ನಡ, ತಲೆಬರಹಕ್ಕೆ ಬಾಲೂ ತಮ್ಮ, ಎರಡೂ ಉಚಿತ. ಅಕ್ಷರ 11 ಪಾಯಿಂಟ್ ಇದ್ದರೆ ಸಾಲುಗಳ ಅಂತರ 15 ಅಥವಾ 16 ಇರಲಿ. ಇಂಗ್ಲಿಷಿನ ಅಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತಿನ ಕಾಲು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಎ4 ಪುಟಕ್ಕೆ ಎರಡೇ ಅಂಕಣ. ದಿನಪತ್ರಿಕೆಯನ್ನು ನೋಡಿ ಮೂರು ಮಾಡಿದರೆ ನಮ್ಮ ಉದ್ದನೆಯ ಪದಗಳು ಸಾಲಿನಲ್ಲಿ ಹಿಡಿಸದೆ ನಡುನಡುವೆ ಹಳ್ಳ ಬೀಳುತ್ತವೆ. ಎರಡೂ ಅಂಚು ಸಮಮಾಡುವ ಆಸೆ ಬಿಟ್ಟು ಎಡಕ್ಕೆ ಮಾತ್ರ ಜೋಡಿಸಿ.

ಮೊಬೈಲಿನಲ್ಲಿ ಮಾತಾಡಿ ಟೈಪ್ ಮಾಡಿಸುವುದು ಮಕ್ಕಳಿಗೆ ಇಷ್ಟ, ವೇಗವೂ ಹೌದು. ಆದರೆ ಊರಿನ ಹೆಸರು, ಮನೆತನದ ಹೆಸರು ಅದಕ್ಕೆ ತಿಳಿಯದು. ಅಂಥ ಪ್ರತಿಯನ್ನು ಡೆಸ್ಕ್ ಎರಡು ಸಲ ಓದಲೇಬೇಕು.

ಹಣದ ಲೆಕ್ಕ ಮಕ್ಕಳ ಕೈಯಲ್ಲೇ ಇರಲಿ. ಎ3 ಒಂದು ಬದಿಗೆ 4 ರೂಪಾಯಿ ಎಂದಿಟ್ಟುಕೊಂಡರೆ ಒಂದು ಪ್ರತಿಗೆ 8, ನೂರೈವತ್ತು ಪ್ರತಿಗೆ 1,200 ರೂಪಾಯಿ. ತಿಂಗಳು ತಿಂಗಳು ಅಷ್ಟು ಎಲ್ಲಿಂದ? ಬೆಂಚಿಗೊಂದು ಪ್ರತಿ ಎಂದರೆ ನಲವತ್ತು ಸಾಕು, 320 ರೂಪಾಯಿ. ಮೂವರು ತಲೆ ಸೇರಿಸಿ ಓದುವ ಪತ್ರಿಕೆಯ ಮೇಲೆ ಮಾತು ಹೆಚ್ಚು ನಡೆಯುತ್ತದೆ. ಹಳೆಯ ವಿದ್ಯಾರ್ಥಿಗಳಿಂದ ಕಾಗದದ ರೀಮ್ ಪಡೆಯಬಹುದು. ರಾಜಕೀಯದವರ ಶುಭಾಶಯ ಜಾಹೀರಾತು ಮಾತ್ರ ಬೇಡ. ಒಬ್ಬರದ್ದು ಹಾಕಿದರೆ ಇನ್ನೊಬ್ಬರು ಬರುತ್ತಾರೆ, ಮುಖಪುಟ ಅವರದ್ದಾಗುತ್ತದೆ.

ಹೊರಬಂದ ಮೇಲೆ

ಎಷ್ಟೇ ಎಚ್ಚರವಿದ್ದರೂ ತಪ್ಪು ನುಸುಳುತ್ತದೆ. ನಾವು ಒಮ್ಮೆ ವಲಯ ಮಟ್ಟದ ಕಬಡ್ಡಿಯಲ್ಲಿ ಸೋತ ತಂಡವನ್ನು ಗೆದ್ದದ್ದೆಂದು ಅಚ್ಚು ಹಾಕಿದೆವು. ಸೋತದ್ದು ನಾವೇ ಆಗಿದ್ದರಿಂದ ಶಾಲೆಯಲ್ಲಿ ಯಾರಿಗೂ ಬೇಸರವಾಗಲಿಲ್ಲ, ಅದೇ ದೊಡ್ಡ ಅಪಾಯ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿಯನ್ನು ಅದೇ ಪುಟದಲ್ಲಿ, ಅದೇ ಜಾಗದಲ್ಲಿ ಹಾಕಿಸಿದೆ. ತಪ್ಪು ಏನು, ಸರಿ ಏನು, ಎರಡೇ ಸಾಲು. ವಿವರಣೆ, ಕ್ಷಮಾಪಣೆಯ ಭಾಷಣ ಬೇಡ.

ಶಿಕ್ಷಕರೊಬ್ಬರು ಸಿಟ್ಟಾದರೆ ಮಗುವನ್ನು ಅವರ ಮುಂದೆ ಒಂಟಿಯಾಗಿ ನಿಲ್ಲಿಸಬೇಡಿ. ನೀವು ಹೋಗಿ, ನೋಟ್‌ಪುಸ್ತಕ ತೆಗೆದುಕೊಂಡು ಹೋಗಿ. ಅವರ ಉತ್ತರವನ್ನು ಪತ್ರವಾಗಿ ಬರೆದುಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಪೂರ್ತಿ ಪ್ರಕಟಿಸುತ್ತೇವೆಂದು ಹೇಳಿ. ಹೆಚ್ಚಿನವರು ಅಲ್ಲಿಗೆ ತಣ್ಣಗಾಗುತ್ತಾರೆ, ಬರೆದುಕೊಟ್ಟವರು ಆಮೇಲೆ ಒಳ್ಳೆಯ ಓದುಗರಾಗುತ್ತಾರೆ.

ಪ್ರತಿ ಸಂಚಿಕೆಯ ಒಂದು ಪ್ರತಿಯನ್ನು ದಾರದಲ್ಲಿ ಹೊಲಿದು ಇಡಿ, ಗೋಡೆ ಪತ್ರಿಕೆಯ ಫೋಟೊ ತೆಗೆದಿಡಿ. ಜೊತೆಗೆ ಒಂದು 'ಬಾಕಿ ಪುಸ್ತಕ' ಇರಲಿ: ಯಾವ ಸುದ್ದಿಯ ಮುಂದಿನ ಬೆಳವಣಿಗೆಯನ್ನು ಯಾವ ತಿಂಗಳು ನೋಡಬೇಕು ಎಂದು ಅದರಲ್ಲಿ ಬರೆಯಬೇಕು. ನಲವತ್ತು ಸಸಿಗಳನ್ನು ಮತ್ತೆ ಎಣಿಸುವುದು ಆ ಪುಸ್ತಕದಲ್ಲಿ ಜೂನ್ ಎರಡನೇ ವಾರಕ್ಕೆ ನಮೂದಾಗಿತ್ತು.

ಏಪ್ರಿಲ್‌ನಲ್ಲಿ ಫಲಿತಾಂಶದ ದಿನ ಹಳೆಯ ಸಂಪಾದಕಿ ಬೀರುವಿನ ಕೀಲಿ, ಬಾಕಿ ಪುಸ್ತಕ, ಲೆಕ್ಕದ ಪುಸ್ತಕ, ಮಿಕ್ಕ ಹಣವನ್ನು ಹೊಸಬನಿಗೆ ಎಣಿಸಿ ಒಪ್ಪಿಸಿ ಸಹಿ ಹಾಕಿಸಿಕೊಳ್ಳಬೇಕು. ನಮ್ಮಲ್ಲಿ ಕಳೆದ ಸಲ ಮಿಕ್ಕದ್ದು 86 ರೂಪಾಯಿ. ಎಣಿಸಿಕೊಂಡ ಹುಡುಗ ಬಾಕಿ ಪುಸ್ತಕ ತಿರುವಿ ಹಾಕಿ, "ಅಕ್ಕ, ಟ್ಯಾಂಕಿನ ಮುಚ್ಚಳ ಇದರಲ್ಲಿ ಬರೆದಿಲ್ಲವಲ್ಲ, ತಂತಿ ತುಕ್ಕು ಹಿಡಿಯುವುದಿಲ್ಲವೇ?" ಎಂದು ಕೇಳಿ, ತಾನೇ ಪೆನ್ನು ತೆಗೆದು ಆಗಸ್ಟ್ ತಿಂಗಳಿಗೆ ಬರೆದುಕೊಂಡ.